ಪಾತುಮ್ಮಕ್ಕನ ಹೆಸರು

ಮೇ 13, 2025, ಮಂಗಳವಾರ
ಮಂಗಳೂರು

ಪುಟ್ಟನಿಗೆ ಹಾಲು ಬಿಡಿಸಲು ಹೊರಟು ಇವತ್ತಿಗೆ ಮೂರು ದಿನ. ನಿನ್ನೆ ರಾತ್ರಿ ಹನ್ನೆರಡರಿಂದ ಎರಡರವರೆಗೆ ಅವನು ಅತ್ತ, ಆಮೇಲೆ ನಾನು ಅತ್ತೆ. ಬೇವಿನೆಲೆ ಅರೆದು ಹಚ್ಚಿಕೋ ಅಂತ ಅಮ್ಮ ಫೋನಿನಲ್ಲಿ ಹೇಳಿದ್ದರು. ಹಚ್ಚಿಕೊಂಡೆ. ಅವನು ಮುಖ ಕಿವುಚಿದ, ನನ್ನ ನೈಟಿಯಿಂದಲೇ ಅದನ್ನು ಒರೆಸಿ ಮತ್ತೆ ಬಾಯಿ ಹಾಕಿದ!

ಬೆಳಿಗ್ಗೆ ಪಕ್ಕದ ಮನೆಯ ಪಾತುಮ್ಮಕ್ಕ ಬಂದರು. ಗಲಾಟೆ ಅವರ ಕೋಣೆವರೆಗೂ ಕೇಳಿಸಿತ್ತಂತೆ. "ಎರಡು ವರ್ಷ ಆಯ್ತಲ್ಲ, ಇನ್ನು ಸಾಕು ಮಾರಾಯ್ತಿ. ಕುರ್‌ಆನ್‌ನಲ್ಲೂ ಎರಡೇ ವರ್ಷ ಹೇಳಿದ್ದು" ಎಂದು ಪುಟ್ಟನನ್ನು ಸೊಂಟಕ್ಕೇರಿಸಿಕೊಂಡು ಹೊರಟೇ ಹೋದರು. ಬಾಗಿಲಲ್ಲಿ ನಿಂತವಳಿಗೆ ಆಗ ಹೊಳೆಯಿತು. ಅರೆ, ಇವರ ಹೆಸರಿನ ಅರ್ಥವೇ ಅದಲ್ವಾ!

ನಾನು ಸೌದಿಯ ದಮ್ಮಾಮ್‌ನಲ್ಲಿ ನಾಲ್ಕು ವರ್ಷ ನರ್ಸ್ ಆಗಿದ್ದೆ. ಮಕ್ಕಳ ವಾರ್ಡಿನಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಮಾತು 'ಫಿತಾಮ್'. ಅಂದರೆ ಮಗುವಿಗೆ ಹಾಲು ಬಿಡಿಸುವುದು. ಪಾತುಮ್ಮ ಅಂದರೆ ಫಾತಿಮಾ. ಆ ಹೆಸರು ಬಂದದ್ದೂ ಅದೇ ಧಾತುವಿನಿಂದ: ಹಾಲು ಬಿಡಿಸುವವಳು. ಶಿಯಾಗಳು ಇನ್ನೊಂದು ವಿವರಣೆ ಕೊಡುತ್ತಾರೆ. ದೇವರು ಪ್ರವಾದಿ ಮುಹಮ್ಮದರ ಮಗಳು ಫಾತಿಮಾಳನ್ನೂ ಅವಳನ್ನು ಪ್ರೀತಿಸುವವರನ್ನೂ ನರಕದ ಬೆಂಕಿಯಿಂದ ಬಿಡಿಸಿದ, ಅದಕ್ಕೇ ಆ ಹೆಸರು ಅಂತ. ಚೆಂದವೇ. ಆದರೆ ಮೂರು ರಾತ್ರಿ ನಿದ್ದೆಗೆಟ್ಟ ನನಗೆ ಸದ್ಯಕ್ಕೆ ಮೊದಲನೆಯದೇ ಹತ್ತಿರ.

ಹೆಸರು ಆ ಮಗಳಿಂದಲೇ ಶುರುವಾದದ್ದಲ್ಲ. ಅವಳ ಅತ್ತೆ, ಅಂದರೆ ಗಂಡ ಅಲಿಯವರ ತಾಯಿ ಕೂಡ ಫಾತಿಮಾ. ಒಮ್ಮೆ ಪ್ರವಾದಿಯವರು ಒಂದು ರೇಷ್ಮೆ ಬಟ್ಟೆಯನ್ನು ಅಲಿಯವರ ಕೈಗೆ ಕೊಟ್ಟು, ತಲೆವಸ್ತ್ರ ಮಾಡಿ ಫಾತಿಮಾಗಳಿಗೆ ಹಂಚು ಎಂದರಂತೆ. ಪ್ರವಾದಿಯವರ ನಡೆನುಡಿಯ ದಾಖಲೆಯಾದ ಹದೀಸಿನಲ್ಲಿರುವ ಪದ 'ಫವಾತಿಮ್'. ಫಾತಿಮಾದ ಬಹುವಚನ! ಒಂದೇ ಮನೆತನದಲ್ಲಿ ಬಹುವಚನ ಬೇಕಾಗುವಷ್ಟು ಫಾತಿಮಾಗಳು. ನಮ್ಮ ಅಜ್ಜಿ ಮನೆಯ ಲಕ್ಷ್ಮಿಗಳ ಹಾಗೆ.

ಮಗಳು ತೀರಿಕೊಂಡದ್ದು 632ರಲ್ಲಿ, ತಂದೆ ಹೋದ ವರ್ಷವೇ. ಆದರೆ ಹೆಸರು ಅಲ್ಲಿಗೇ ನಿಲ್ಲಲಿಲ್ಲ. ಕೈರೋ ನಗರ ಕಟ್ಟಿದ ಫಾತಿಮಿ ಖಲೀಫರು ತಾವು ಅವಳ ವಂಶ ಎಂದುಕೊಂಡು 909ರಿಂದ 1171ರವರೆಗೆ ಆಳಿದರು. ಟರ್ಕಿಯಲ್ಲಿ ಅದು ಫಾತ್ಮಾ, ಇರಾನಿನಲ್ಲಿ ಫಾತೆಮೆ, ಸೊಮಾಲಿಯಾದಲ್ಲಿ ಫಾದುಮೊ, ಸೆನೆಗಲ್‌ನಲ್ಲಿ ಫಾತು. 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದ ಕೇರಳದ ಫಾತಿಮಾ ಬೀವಿಯವರು ಗೊತ್ತಲ್ಲ.

ನಮ್ಮ ಕರಾವಳಿಗೆ ಬಂದಾಗ 'ಫ' ಜಾರಿ 'ಪ' ಆಯಿತು. ಬಾಲಕ್ಕೆ ಒಬ್ಬ ಅಮ್ಮ ಸೇರಿಕೊಂಡಳು. ಪಾತುಮ್ಮ. ಆಧಾರ್ ಕಾರ್ಡಿನಲ್ಲಿ ಮಾತ್ರ ಅವರು ಫಾತಿಮತ್ ಝುಹರಾ. ಪಾಸ್‌ಬುಕ್ಕಿನಲ್ಲಿ ಬರೀ ಫಾತಿಮಾ. "ಆ ತ ಎಲ್ಲಿಂದ ಬಂತು?" ಎಂದು ಕೌಂಟರಿನ ಹುಡುಗ ಕೇಳಿದ್ದನಂತೆ, ಎರಡು ಸಲ ಓಡಾಡಿಸಿದ್ದನಂತೆ. ಅದು ತಪ್ಪಲ್ಲ ಕಣ್ರೀ. ಅರಬ್ಬಿಯಲ್ಲಿ ಈ ಹೆಸರಿನ ಕೊನೆಗೆ ಒಂದು 'ತ' ಅಡಗಿ ಕೂತಿದೆ. ಒಂಟಿಯಾಗಿ ಕರೆದರೆ ಕೇಳಿಸುವುದಿಲ್ಲ, ಹಿಂದೆಯೇ ಇನ್ನೊಂದು ಪದ ಬಂದರೆ ಎದ್ದು ಬರುತ್ತದೆ. ಝುಹರಾ ಅನ್ನುವುದು ಅದೇ ಮಗಳ ಬಿರುದಾದ ಝಹ್ರಾದಿಂದ, ಅಂದರೆ ಹೊಳೆಯುವವಳು. ಕೌಂಟರಿನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ?

ದಮ್ಮಾಮ್‌ನಲ್ಲಿ ನನ್ನ ರೂಮಿನಲ್ಲಿದ್ದ ಹುಡುಗಿಯೂ ಫಾತಿಮಾ. ಬಂಟ್ವಾಳ ಕಡೆಯ ಕ್ಯಾಥೊಲಿಕ್. "ಮುಸ್ಲಿಮಳಾ?" ಎಂದು ಕೇಳದ ರೋಗಿಯೇ ಇರಲಿಲ್ಲ. ಅವಳ ಹೆಸರು ಬಂದ ದಾರಿ ಬೇರೆ. ಪೋರ್ಚುಗಲ್‌ನ ಫಾತಿಮಾ ಎಂಬ ಊರಿನಲ್ಲಿ ಕುರಿ ಕಾಯುವ ಮೂವರು ಮಕ್ಕಳಿಗೆ ಮೇರಿ ಮಾತೆ ಕಾಣಿಸಿದಳು ಎಂದು ನಂಬಿಕೆ. ಅದು 1917ರ ಮೇ 13, ಅಂದರೆ ಇವತ್ತಿನದೇ ತಾರೀಕು. ಆ ಊರಿಗೆ ಹೆಸರು ಬಂದದ್ದು ಒಬ್ಬ ಅರಬ್ ರಾಜಕುಮಾರಿಯಿಂದ ಅಂತ ಅಲ್ಲಿಯ ದಂತಕಥೆ. ಹಾಗೆ ಸುತ್ತಿಕೊಂಡು ಮೇರಿ ಮಾತೆಗೂ ಅರಬ್ಬಿ ಹೆಸರು ಅಂಟಿತು. ನಮ್ಮ ಮಂಗಳೂರಿನಲ್ಲೇ ಫಾತಿಮಾ ರಿಟ್ರೀಟ್ ಹೌಸ್ ಇದೆ. ಅದರ ಮುಂದೆ ಎಷ್ಟು ಸಲ ಹಾದು ಹೋಗಿದ್ದೇನೋ, ಒಮ್ಮೆಯೂ ಯೋಚನೆ ಮಾಡಿರಲಿಲ್ಲ.

ಮಧ್ಯಾಹ್ನ ಪುಟ್ಟನನ್ನು ಕರೆದುಕೊಂಡು ಬರಲು ಹೋದಾಗ ಪಾತುಮ್ಮಕ್ಕನಿಗೆ ಹೆಸರಿನ ಅರ್ಥ ಹೇಳಿದೆ. ಅವರು ಪತ್ತಿರ್ ತಟ್ಟುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು.

"ಬಿಟ್ಟವಳಾ, ಬಿಡಿಸಿದವಳಾ?"

"ಬಿಡಿಸುವವಳು."

"ಹಾಗಾದರೆ ಸರಿ ಉಂಟು. ಏಳು ಮಕ್ಕಳಿಗೆ ಬಿಡಿಸಿದ್ದೇನೆ" ಎಂದು ನಕ್ಕರು. ಸ್ವಲ್ಪ ಹೊತ್ತಾದ ಮೇಲೆ, "ಕೊನೆಯವನಿಗೆ ಮಾತ್ರ ಮೂರು ವರ್ಷ ಕೊಟ್ಟೆ. ಮನಸ್ಸು ಬರಲಿಲ್ಲ. ಯಾರಿಗೂ ಹೇಳಬೇಡ" ಎಂದರು.

ಈಗ ರಾತ್ರಿ ಹನ್ನೊಂದೂವರೆ. ಎದೆ ಕಲ್ಲಿನ ಹಾಗಿದೆ. ಪುಟ್ಟ ಒಮ್ಮೆ ಎದ್ದ, ನನ್ನನ್ನೇ ನೋಡಿದ, ನೀರು ಕೇಳಿದ.