ದಾಖಲೆ ಇದ್ರೆ ಲಾಯರ್ ಹತ್ರ ಕೊಡಿ

ಮೀಡಿಯೇಟರ್ ಆಗಿ, ಅಂದರೆ ಕೋರ್ಟು ಕಳಿಸುವ ಕೇಸುಗಳಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವವನಾಗಿ, ಆರು ವರ್ಷ ಆಯಿತು. ಮಂಡ್ಯ ಕಡೆಯ ಒಂದು ಕೋರ್ಟಿನಲ್ಲಿ ಕೂರುತ್ತೇನೆ. ಯಾವುದು ಅಂತ ಕೇಳಬೇಡಿ. ರೂಮಿನಲ್ಲಿ ಆಡಿದ ಮಾತು ಆಚೆ ಬರಬಾರದು. ಅದಕ್ಕೇ ಊರು, ಎಕರೆ, ಜನರ ಲೆಕ್ಕ ಎಲ್ಲ ಬದಲಿಸಿದ್ದೇನೆ. ಬದಲಿಸದೆ ಹಾಗೇ ಬಿಟ್ಟಿರುವುದು ನನ್ನ ದಡ್ಡತನ ಒಂದನ್ನೇ.

ಹೋದ ವರ್ಷ ಮೈಸೂರಿನಲ್ಲಿ ಎರಡು ದಿನದ ರಿಫ್ರೆಷರ್ ಇತ್ತು. ಇಂಥ ಟ್ರೈನಿಂಗ್ ಹೇಗಿರುತ್ತೆ ಅಂತ ನಮ್ಮವರಿಗೆ ಗೊತ್ತು. ಕೇಸನ್ನು ರಾಜಿಗೆ ಕಳಿಸುವ ಸೆಕ್ಷನ್ 89ರ ಮೇಲೆ ಅದೇ ಪಿಪಿಟಿ, ಕಿತ್ತಳೆ ಹಣ್ಣಿಗೆ ಜಗಳ ಆಡುವ ಅದೇ ಇಬ್ಬರು ಅಕ್ಕತಂಗಿಯರು, ಒಬ್ಬಳಿಗೆ ಬೇಕಿದ್ದು ರಸ, ಇನ್ನೊಬ್ಬಳಿಗೆ ಸಿಪ್ಪೆ. ಆ ಹಣ್ಣು ಇಷ್ಟೊತ್ತಿಗೆ ಕೊಳೆತು ಹೋಗಿರಬೇಕು. ಆದರೆ ಎರಡನೇ ದಿನ ಮಧ್ಯಾಹ್ನ ಒಬ್ಬರು ಬಂದು ಆಫ್ರಿಕಾದ ಬಗ್ಗೆ ಮಾತಾಡಿದರು. ಊಟ ಆದ ಮೇಲಿನ ಸೆಷನ್. ಆದರೂ ನಾನು ನಿದ್ದೆ ಮಾಡಲಿಲ್ಲ.

ರುವಾಂಡಾದಲ್ಲಿ 1994ರಲ್ಲಿ ಸುಮಾರು ನೂರು ದಿನದಲ್ಲಿ 8 ಲಕ್ಷದಷ್ಟು ಜನರನ್ನು ಕೊಂದರು. ಕೊಂದವರು ಎಲ್ಲಿಂದಲೋ ಬಂದವರಲ್ಲ, ಎಷ್ಟೋ ಕಡೆ ಪಕ್ಕದ ಮನೆಯವರೇ. ಜೈಲು ತುಂಬಿ ತುಳುಕಿತು. ಕೋರ್ಟಿನಿಂದ ಮುಗಿಯುವ ಕೆಲಸ ಅಲ್ಲ ಅಂತಾದಾಗ ಊರೂರಿನಲ್ಲಿ ಗಚಾಚಾ ಕೂಡಿಸಿದರು. ಬಯಲಲ್ಲಿ, ಹುಲ್ಲಿನ ಮೇಲೆ ಊರವರೆಲ್ಲ ಕೂರುವುದು, ಯಾರು ಏನು ಮಾಡಿದರು ಅಂತ ಎಲ್ಲರ ಎದುರಿಗೇ ಹೇಳಿಸುವುದು. ಇಂಥವು ಸುಮಾರು 12,000 ಇದ್ದವಂತೆ. 2002ರಲ್ಲಿ ಶುರುವಾಗಿದ್ದು 2012ರಲ್ಲಿ ಮುಗಿಯಿತು. ಆರೋಪಿಯ ಪರ ವಕೀಲರಿಗೆ ಅಲ್ಲಿ ಜಾಗವೇ ಇರಲಿಲ್ಲ. ಹಾಲ್‌ನಲ್ಲಿದ್ದ ನಾವು ವಕೀಲರೆಲ್ಲ ನಕ್ಕೆವು. ನನಗೆ ಮಾತ್ರ ಆ ಸಾಲು ಒಳಗೆ ಕೂತುಬಿಟ್ಟಿತು.

ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಕಾಲದ ದೌರ್ಜನ್ಯಗಳನ್ನು ಕೇಳಲು ಕೂಡಿಸಿದ ಸತ್ಯ ಮತ್ತು ಸಂಧಾನ ಆಯೋಗದ ವಿಡಿಯೋ ಹಾಕಿದರು. 1996ರ ವಿಚಾರಣೆ. ಸಾಕ್ಷಿ ಹೇಳುತ್ತಾ ಒಬ್ಬರು ಅಳುತ್ತಾರೆ, ಆಯೋಗದ ಅಧ್ಯಕ್ಷ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮೇಜಿನ ಮೇಲೆ ತಲೆ ಇಟ್ಟು ಅಳುತ್ತಾರೆ. ಹಾಲ್‌ನಲ್ಲಿ ಪಿನ್ ಡ್ರಾಪ್. ಕೊನೆಗೆ ಒಂದು ಹ್ಯಾಂಡೌಟ್ ಕೊಟ್ಟರು, ಹದಿನೆಂಟು ಪುಟ. ಬಸ್ಸಲ್ಲಿ ಓದೋಣ ಅಂತ ಬ್ಯಾಗಿಗೆ ಹಾಕಿಕೊಂಡೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ನಾಲ್ಕು ಪುಟ ಓದಿ, ಉಳಿದಿದ್ದೆಲ್ಲ ಅರ್ಥವಾದ ಹಾಗೆ ಮಡಚಿಟ್ಟೆ.

ಹತ್ತು ದಿನಕ್ಕೆ ಈ ಫೈಲ್ ಬಂತು.

ಪಾರ್ಟಿಷನ್ ಸೂಟ್, ಆಸ್ತಿ ಪಾಲಿನ ದಾವಾ. ನಾಲೆ ಬಯಲಿನಲ್ಲಿ ಎರಡೂಕಾಲು ಎಕರೆ ಗದ್ದೆ, ಊರೊಳಗೆ ಒಂದು ಹಳೇ ಮನೆ. ಅಣ್ಣ ಊರಲ್ಲೇ ಇದ್ದು ಕಬ್ಬು, ಭತ್ತ ಬೆಳೆಯುತ್ತಾರೆ. ತಮ್ಮ ಬೆಂಗಳೂರಲ್ಲಿ ಗಾಡಿ ಓಡಿಸುತ್ತಾರೆ. ಇಬ್ಬರ ನಡುವಿನ ಹೆಣ್ಣುಮಗಳನ್ನು ಪಕ್ಕದ ತಾಲೂಕಿಗೆ ಕೊಟ್ಟಿದ್ದಾರೆ. ದಾವಾ ಹಾಕಿದ್ದು ಆಕೆ. ಕಾನೂನಲ್ಲಿ ಜಾಸ್ತಿ ಗೊಂದಲ ಇಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿ ಇದೆ. ಆಗ ಅಪ್ಪ ಬದುಕಿದ್ದರೋ ಇಲ್ಲವೋ ಅನ್ನೋದು ಲೆಕ್ಕಕ್ಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿ ಆಗಿದೆ. ಇದ್ದ ತೊಡಕು ಒಂದೇ. ಅವ್ವ ಸಾಯುವ ಮುಂಚೆ ತನ್ನ ಪಾಲು ಬಿಟ್ಟುಕೊಟ್ಟು ಅಣ್ಣನ ಹೆಸರಿಗೆ ಮಾಡಿಕೊಟ್ಟ ಒಂದು ರಿಲೀಸ್ ಡೀಡ್.

ಇದು ಸೆಟಲ್ ಆಗುವ ಕೇಸು ಅಂತ ಫೈಲ್ ನೋಡಿದ ಕೂಡಲೇ ಅನ್ನಿಸಿತು. ಆ ವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಕೂಡ ಬಂದಿತ್ತು, "ಈ ತಿಂಗಳು ಸೆಟಲ್‌ಮೆಂಟ್ ಸಂಖ್ಯೆ ಕಡಿಮೆ ಇದೆ, ಎಲ್ಲರೂ ಗಮನ ಕೊಡಿ" ಅಂತ, ಕೆಳಗೆ ಕೈ ಮುಗಿದ ಚಿತ್ರ. ನಮಗೆ ಒಂದು ಕೇಸಿಗೆ ಒಂದು ಗಂಟೆ. ರೂಮಿನಲ್ಲಿ ಆರು ಕುರ್ಚಿ, ಅದರಲ್ಲಿ ಎರಡು ರೆಕಾರ್ಡ್ ಸೆಕ್ಷನ್‌ನಿಂದ ಸಾಲ ತಂದಿದ್ದು. ಫ್ಯಾನ್ ಹಾಕಿದರೆ ಮಾತು ಕೇಳಲ್ಲ, ಆರಿಸಿದರೆ ಯಾರಿಗೂ ಕೂರೋಕಾಗಲ್ಲ.

ಮಾಮೂಲಿಯಾಗಿ ನಾನು ಓಪನಿಂಗ್ ಸ್ಟೇಟ್‌ಮೆಂಟ್ ಮುಗಿಸಿ ಬೇಗ ಸಪರೇಟ್ ಸೆಷನ್‌ಗೆ ಹೋಗುತ್ತೇನೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಹೊಟ್ಟೆಯಲ್ಲಿರುವುದನ್ನು ಕಕ್ಕಿಸಿ, ಅದರಲ್ಲಿ ಆಚೆ ಹೇಳಬಹುದಾದದ್ದನ್ನಷ್ಟೇ ಆ ಕಡೆಯವರಿಗೆ ಮುಟ್ಟಿಸುವುದು. ಬೇಜಾರಿನ ಕೆಲಸ. ಪೋಸ್ಟ್‌ಮ್ಯಾನ್ ಥರ. ಅವತ್ತು ಮಾತ್ರ ತಲೆಯೊಳಗೆ ಹುಲ್ಲುಗಾವಲು, ಟುಟು. ಎರಡೂ ಕಡೆ ವಕೀಲರನ್ನು "ಸ್ವಲ್ಪ ಟೀ ಕುಡಿದು ಬನ್ನಿ ಸಾರ್" ಅಂತ ಆಚೆ ಕಳಿಸಿದೆ. ಕಳಿಸಿದ್ದಕ್ಕೆ ಒಳಗೊಳಗೇ ಹೆಮ್ಮೆ ಬೇರೆ.

ರೂಮಿನಲ್ಲಿ ಉಳಿದದ್ದು ಐದು ಜನ. ಅಣ್ಣ, ಅವರ ಹೆಂಡತಿ, ಡಿಗ್ರಿ ಓದುವ ಮಗ, ತಮ್ಮ, ತಂಗಿ. ಮಗ ಪಾರ್ಟಿ ಅಲ್ಲ, ಅಪ್ಪನನ್ನು ಬೈಕಲ್ಲಿ ಕರೆತಂದವನು. "ಮನೆಯವನೇ ಅಲ್ವಾ, ಇರಲಿ ಬಿಡಿ" ಅಂದವನು ನಾನೇ.

ಹೆಂಡತಿಯ ತೊಡೆಯ ಮೇಲೆ ಬಟ್ಟೆ ಅಂಗಡಿಯ ಒಂದು ದಪ್ಪ ಕವರ್ ಇತ್ತು. ಬಾಯನ್ನು ಎರಡು ಸುತ್ತು ಮಡಚಿ, ಅದರ ಮೇಲೆ ಕೈ ಇಟ್ಟುಕೊಂಡಿದ್ದರು. ಹಳ್ಳಿಯವರು ಪಹಣಿ, ಕ್ರಯಪತ್ರ ಎಲ್ಲ ಹೀಗೇ ತರುತ್ತಾರೆ. "ಅಮ್ಮಾ, ದಾಖಲೆ ಇದ್ರೆ ಲಾಯರ್ ಹತ್ರ ಕೊಡಿ, ಇಲ್ಲಿ ಬೇಡ" ಅಂದೆ. ಅವರು ಏನೋ ಹೇಳಲು ಬಾಯಿ ತೆರೆದು, ಗಂಡನ ಮುಖ ನೋಡಿ, ಕವರನ್ನು ಕುರ್ಚಿಯ ಕೆಳಗೆ ಸರಿಸಿದರು. ಸರಿಸುವಾಗ ಅದರೊಳಗೆ ಕಿಣಿ ಅಂತ ಸದ್ದಾಯಿತು. ಕಾಗದ ಕಿಣಿ ಅನ್ನುವುದಿಲ್ಲ. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಇವತ್ತು ಗದ್ದೆ ವಿಷಯ ಬೇಡ" ಅಂತ ಶುರು ಮಾಡಿದೆ. "ಮನಸ್ಸಲ್ಲಿ ಏನಿದೆಯೋ ಎಲ್ಲ ಒಬ್ಬರಿಗೊಬ್ಬರು ನೇರವಾಗಿ ಹೇಳಿಕೊಳ್ಳಿ. ನಾನು ಮಧ್ಯೆ ಬಾಯಿ ಹಾಕಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಂಗಿ ಶುರು ಮಾಡಿದರು. ಮೊದಲಿಗೆ ಮೆತ್ತಗೆ. ಮೂರು ಗೌರಿ ಹಬ್ಬ ಆಯ್ತು ಸಾರ್, ತವರಿಂದ ಒಂದು ಬಾಗಿನ ಇಲ್ಲ, ಬೀದಿಯವರೆಲ್ಲ ಕೇಳ್ತಾರೆ ಅಂದರು. ಅಣ್ಣ ಕೆಳಗೆ ನೋಡುತ್ತಿದ್ದರು. ಕೆಲಸ ಮಾಡ್ತಾ ಇದೆ ಅಂದುಕೊಂಡೆ. ಪೆನ್ನು ಕೆಳಗಿಟ್ಟೆ.

ಆಮೇಲೆ ಅವ್ವನ ಕಾಯಿಲೆಗೆ ಬಂತು. "ಒಂಬತ್ ತಿಂಗ್ಳು ಎತ್ತಿ ಇಳ್ಸಿದೀನಿ ಕಣವ್ವ, ಒಂದ್ ದಿನ ಬಂದ್ ಗಂಜಿ ಕುಡ್ಸಿದ್ಯಾ ನೀನು?" ಅಂದರು ಅಣ್ಣ. ತಂಗಿಯ ದನಿ ಏರಿತು. "ಬರಕ್ ಬುಟ್ರಾ ನೀವು?" ತಮ್ಮ ಮೊಬೈಲ್ ನೋಡಲು ಶುರು ಮಾಡಿದ. ಇಲ್ಲಿ ನಿಲ್ಲಿಸಬೇಕಿತ್ತು. ಐದು ನಿಮಿಷ ಬ್ರೇಕ್, ನೀರು ಕುಡೀರಿ, ಅಣ್ಣ ಒಬ್ಬರೇ ಬನ್ನಿ. ಇಷ್ಟೇ. ಕೈ ಎತ್ತಬೇಕು ಅಂತ ಅನ್ನಿಸಿತು ಕೂಡ. ಎತ್ತಲಿಲ್ಲ. ಗಾಯ ಪೂರ್ತಿ ತೊಳೆಯಲಿ ಅಂತ ಕಾದೆ.

"ಅವ್ವನ್ ಹೆಬ್ಬೆಟ್ ಒತ್ತಿಸ್ಕೊಂಡಾಗ ಅವಳ್ಗೆ ಗ್ಯಾನ ಇತ್ತಾ? ನಿನ್ ಮಗನ್ ಮುಂದೇನೇ ಹೇಳು ಅಣ್ಣ."

ಮಗ ಅಪ್ಪನ ಕಡೆ ತಿರುಗಿದ. ಏನೂ ಕೇಳಲಿಲ್ಲ, ಸುಮ್ನೆ ನೋಡಿದ. ಅಣ್ಣ ಆ ನೋಟವನ್ನು ಒಂದು ಸಲ ಎದುರಿಸಿದರು. ಆಮೇಲೆ ಕುರ್ಚಿ ಬೆನ್ನಿಗೆ ಹಾಕಿದ್ದ ಟವೆಲ್ ತೆಗೆದು, ಒಂದು ಸಲ ಕೊಡವಿ, ಹೆಗಲಿಗೆ ಹಾಕಿಕೊಂಡು ಎದ್ದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೇನೋ ಮಾಡಲು ಸಿಗುತ್ತಿತ್ತು. ಬಾಗಿಲ ಹತ್ತಿರ ನಿಂತು "ಜಡ್ಜ್ ಸಾಹೇಬ್ರು ಏನ್ ಮಾಡ್ತಾರೋ ಮಾಡ್ಲಿ ಸಾರ್" ಅಂತ ಹೇಳಿ ಹೋದರು. ಹೆಂಡತಿ ಬಗ್ಗಿ ಕವರ್ ಎತ್ತಿಕೊಂಡು ಹಿಂದೆಯೇ ಓಡಿದರು. ಮತ್ತೆ ಕಿಣಿ.

ಸೆಷನ್ ಶುರುವಾಗಿ ಇಪ್ಪತ್ತೆರಡು ನಿಮಿಷ ಆಗಿತ್ತು. ನಾಟ್ ಸೆಟಲ್ಡ್ ರಿಪೋರ್ಟ್ ಬರೆಯಲು ಎರಡು ನಿಮಿಷ. ಆ ಫಾರಂನಲ್ಲಿ ಮೀಡಿಯೇಟರ್ ಕೆಡಿಸಿದ ಅಂತ ಬರೆಯಲು ಕಾಲಂ ಇಲ್ಲ.

ಸಂಜೆ ಕಸ ಗುಡಿಸಲು ಬಂದ ನಮ್ಮ ಗ್ರೂಪ್ ಡಿ ಅಕ್ಕ ಬಾಗಿಲಲ್ಲೇ ನಿಂತು ಕೇಳಿದರು. "ಸಾರ್, ಆ ಯಮ್ಮ ಸೀರೆ ಕೊಟ್ಲಾ?"

ಯಾವ ಸೀರೆ ಅಂದೆ.

"ಅದೇ, ಕವರ್ ಇಟ್ಕೊಂಡಿತ್ತಲ್ಲ. ನಾದ್ನಿಗೆ ಅಂತ ತಂದೈತೆ. ಸೀರೆ, ಕಣ, ಬಳೆ, ಅರಿಶಿನ ಕುಂಕುಮ. ಬೆಳಗ್ಗೆ ನನ್ನ ಕೇಳ್ತು, ಇದ್ನ ಇಲ್ಲಿ ಕೊಟ್ರೆ ಕೇಸ್‌ಗೆ ಏನಾರಾ ತೊಂದ್ರೆ ಆಗ್ತದಾ ಅಂತ. ನಂಗೇನ್ ಗೊತ್ತು, ಸಾರ್‌ನ ಕೇಳು ಅಂದೆ."

ಕೇಳಲು ಬಾಯಿ ತೆರೆದಿದ್ದರು. ಲಾಯರ್ ಹತ್ರ ಕೊಡಿ ಅಂದಿದ್ದೆ.

ಆ ರಾತ್ರಿ ಹ್ಯಾಂಡೌಟ್ ತೆಗೆದು ಐದನೇ ಪುಟದಿಂದ ಓದಿದೆ. ದಕ್ಷಿಣ ಆಫ್ರಿಕಾದ ಆಯೋಗ ಸುಮಾರು 21,000 ಜನರ ಹೇಳಿಕೆ ಬರೆದುಕೊಂಡಿತು. ಅವರಲ್ಲಿ ಎಲ್ಲರ ಎದುರು ಕೂತು ಹೇಳಿದವರು 2,000ದಷ್ಟು ಮಾತ್ರ. ಅಂದರೆ ಹತ್ತರಲ್ಲಿ ಒಂಬತ್ತು ಜನ ಹೇಳಿಕೊಂಡಿದ್ದು ಕ್ಯಾಮೆರಾ, ಜನ ಯಾವುದೂ ಇಲ್ಲದ ಕಡೆ, ಬರೆದುಕೊಳ್ಳುವವರ ಮುಂದೆ. ನನ್ನ ಪೋಸ್ಟ್‌ಮ್ಯಾನ್ ಕೆಲಸವೇ ಅದು. ಗಚಾಚಾದಲ್ಲೂ ಬರೀ ಹುಲ್ಲಿನ ಮೇಲಿನ ಕ್ಷಮೆ ಇರಲಿಲ್ಲ. ಸಾಕ್ಷಿ ಹೇಳಿದವರನ್ನು ಹೆದರಿಸಿದ್ದು, ಕೊಂದಿದ್ದು ಕೂಡ ಇದೆ.

ಉತ್ತರ ಉಗಾಂಡದ ಅಚೋಲಿ ಜನರಲ್ಲಿ ಮಾಟೊ ಒಪುಟ್ ಅಂತ ಒಂದು ಪದ್ಧತಿ. ಒಂದು ಕುಲದವನು ಇನ್ನೊಂದು ಕುಲದವನನ್ನು ಕೊಂದರೆ ಎರಡೂ ಕುಲಗಳ ನಡುವೆ ಊಟ, ನೀರು, ಹೋಗೋದು ಬರೋದು ಎಲ್ಲ ಬಂದ್. ಕೊನೆಗೆ ಎರಡೂ ಕಡೆಯವರು ಒಪುಟ್ ಮರದ ಬೇರಿನ ಕಹಿ ರಸವನ್ನು ಒಂದೇ ಸೋರೆ ಬುರುಡೆಯಿಂದ ಕುಡಿಯುತ್ತಾರೆ. ಟ್ರೈನಿಂಗಿನಲ್ಲಿ ಇದರ ಫೋಟೋ ತೋರಿಸಿದ್ದರು, ನಾವೆಲ್ಲ ಆಹಾ ಅಂದಿದ್ದೆವು. ಕುಡಿಯುವುದಕ್ಕೆ ಮುಂಚೆ ಹಿರಿಯರು ಆ ಕಡೆಗೂ ಈ ಕಡೆಗೂ ಓಡಾಡುತ್ತಾರೆ, ಸಿಟ್ಟು ಇಳಿಯಲು ಬಿಡುತ್ತಾರೆ, ತಪ್ಪು ಒಪ್ಪಿಸುತ್ತಾರೆ, ಪರಿಹಾರ ಎಷ್ಟು ಅಂತ ಕುದುರಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ವರ್ಷವೂ ಆಗಬಹುದು. ನಾನು ಮೊದಲನೇ ದಿನವೇ ಬುರುಡೆ ಮುಂದಿಟ್ಟಿದ್ದೆ. ಕೀನ್ಯಾದಲ್ಲಿ 2007ರ ಚುನಾವಣೆ ನಂತರದ ಗಲಭೆ ನಿಲ್ಲಿಸಲು ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್‌ಗೇ 41 ದಿನ ಬೇಕಾಯಿತು. ಅವರಿಗೆ ತಿಂಗಳ ಸ್ಟೇಟ್‌ಮೆಂಟ್ ಕಳಿಸುವ ಕೋಆರ್ಡಿನೇಟರ್ ಇರಲಿಲ್ಲ ಅನ್ನಿ.

ಹೆಚ್ಚು ಚುಚ್ಚಿದ್ದು ಹದಿನಾರನೇ ಪುಟ. ಅದೇ ಕೀನ್ಯಾದ ಈಶಾನ್ಯಕ್ಕೆ ವಜೀರ್ ಅಂತ ಜಿಲ್ಲೆ. 90ರ ದಶಕದ ಶುರುವಿನಲ್ಲಿ ಅಲ್ಲಿ ಕುಲ ಕುಲಗಳ ನಡುವೆ ಕೊಲೆ, ದನ ಹೊಡೆದುಕೊಂಡು ಹೋಗುವುದು. ಸಂತೆಯಲ್ಲೂ ಒಂದು ಕುಲದವರು ಇನ್ನೊಂದು ಕುಲದವರಿಗೆ ಮಾರುತ್ತಿರಲಿಲ್ಲ. ಡೇಖಾ ಇಬ್ರಾಹಿಂ ಅಬ್ದಿ ಮತ್ತು ಇನ್ನೊಂದಷ್ಟು ಹೆಂಗಸರು ಸೇರಿ, ಮೊದಲು ಸಂತೆಯಲ್ಲಿ ಯಾವ ಕುಲದ ಹೆಂಗಸಾದರೂ ಕೊಳ್ಳಬಹುದು, ಮಾರಬಹುದು ಅನ್ನುವ ಹಾಗೆ ಮಾಡಿದರು. ಹಿರಿಯರನ್ನು ಮಾತಿಗೆ ಕೂರಿಸಿದ್ದು ಆಮೇಲೆ. ಅಬ್ದಿಗೆ 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಇದನ್ನು ಆ ಮಧ್ಯಾಹ್ನ ಬಾಯಲ್ಲೂ ಹೇಳಿದ್ದರು. ನೋಟ್ಸ್‌ನಲ್ಲಿ ಬರೆದುಕೊಂಡಿದ್ದೇನೆ, ನನ್ನದೇ ಅಕ್ಷರ. ನಮ್ಮ ತಾತ ನ್ಯಾಯ ಹೇಳುತ್ತಿದ್ದ ಅರಳಿಕಟ್ಟೆಯಲ್ಲಿ ಹೆಂಗಸರು ಗೋಡೆ ಆಚೆ ನಿಂತು ಕೇಳಿಸಿಕೊಳ್ಳಬೇಕಿತ್ತು. ನಾನು ಕುರ್ಚಿ ಕೊಟ್ಟಿದ್ದೆ. ಅಷ್ಟೇ ವ್ಯತ್ಯಾಸ.

ಮರುದಿನ ಎರಡೂ ವಕೀಲರಿಗೆ ಫೋನ್ ಮಾಡಿದೆ, ಇನ್ನೊಂದು ಸಲ ರೆಫರ್ ಮಾಡಿಸಿಕೊಳ್ಳಿ ಅಂತ. ಒಬ್ಬರು "ನೀವು ಟೀ ಕುಡಿಯೋಕೆ ಕಳಿಸಿದ್ದು ಸಾಕು ಬಿಡಿ ಸಾರ್" ಅಂತ ನಕ್ಕರು. ಇನ್ನೊಬ್ಬರ ಪಾರ್ಟಿ ಒಪ್ಪಲಿಲ್ಲ. ಒಪ್ಪದ ಪಾರ್ಟಿ ಅಣ್ಣನೇ. ತಪ್ಪು ಹೇಳುವ ಹಾಗಿಲ್ಲ. ಕೇಸು ಕೋರ್ಟಿಗೆ ವಾಪಸ್, ಎವಿಡೆನ್ಸ್‌ಗೆ, ಅಂದರೆ ಸಾಕ್ಷಿ ವಿಚಾರಣೆಗೆ ಹೋಯಿತು.

ಈಗ ರೂಮಿಗೆ ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸುತ್ತೇನೆ, ಪಾರ್ಟಿ ಅಲ್ಲದವರನ್ನೂ. ಒಂದು ಗಂಟೆ ಸಾಲಲ್ಲ. ಎಕ್ಸ್‌ಟೆನ್ಷನ್ ಕೇಳಿ ಬೈಸಿಕೊಳ್ಳುತ್ತೇನೆ. ಗ್ರೂಪಿನಲ್ಲಿ ನನ್ನ ನಂಬರ್ ಕೆಳಗಿನಿಂದ ಎರಡನೆಯದು. ಬೆಳಗ್ಗೆ ಬಂದ ಕೂಡಲೇ ಗ್ರೂಪ್ ಡಿ ಅಕ್ಕನನ್ನು ಕೇಳುತ್ತೇನೆ, ಕಾರಿಡಾರಿನಲ್ಲಿ ಏನ್ ಸಮಾಚಾರ ಅಂತ. ಮೊದಮೊದಲು ಸಂಕೋಚಪಡುತ್ತಿದ್ದರು. ಈಗ ಕೇಸ್ ನಂಬರ್ ಸಮೇತ ಹೇಳುತ್ತಾರೆ.

ಈ ಸಲ ಗೌರಿ ಹಬ್ಬ ಕಳೆದು ಒಂದು ವಾರಕ್ಕೆ ಆ ಅಣ್ಣನ ಹೆಂಡತಿ ಕೋರ್ಟ್ ಮೆಟ್ಟಿಲ ಹತ್ತಿರ ಸಿಕ್ಕರು. ಕೈಯಲ್ಲಿ ಕವರ್ ಇರಲಿಲ್ಲ. ನಾನು ನೋಡಿದ್ದನ್ನು ಗಮನಿಸಿದರು ಅಂತ ಕಾಣುತ್ತೆ.

"ಕೊಟ್ಟೆ ಸಾರ್," ಅಂದರು ಮೆಲ್ಲಗೆ. "ಬಸ್ ಸ್ಟ್ಯಾಂಡಲ್ಲಿ. ಅವ್ಳೂ ಇಸ್ಕೊಂಡ್ಳು. ಇವ್ರಿಗ್ ಗೊತ್ತಿಲ್ಲ."

ಅಷ್ಟರಲ್ಲಿ ಮೇಲಿಂದ ಗಂಡ ಕರೆದರು, ಹೋದರು. ಅವತ್ತು ಅಣ್ಣನ ಕ್ರಾಸ್, ಪಾಟೀಸವಾಲು ಇತ್ತು. ಆಗಲಿಲ್ಲ, ಮುಂದಕ್ಕೆ ಹಾಕಿದ್ದಾರೆ.