"ಇಂಗ್ಲೆಂಡಿನ ಹಾಡು ಯಾಕೆ ಹಾಡ್ತಾಳೆ?"

ಮೊನ್ನೆ ಭಾನುವಾರ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಒಳಗೆ ಮಗಳು 'ಸಂತತಂ ಪಾಹಿಮಾಂ' ಅಭ್ಯಾಸ ಮಾಡುತ್ತಿದ್ದಳು. ಪಕ್ಕದ ಬಾಲ್ಕನಿಯಿಂದ ಜಪಾನಿ ಅಜ್ಜಿ ಇಣುಕಿ, "ನಿಮ್ಮ ಮಗಳು ಇಂಗ್ಲೆಂಡಿನ ರಾಷ್ಟ್ರಗೀತೆ ಯಾಕೆ ಹಾಡ್ತಿದ್ದಾಳೆ?" ಅಂದರು.

ಅವರು ಸುಮ್ನೆ ಕೇಳಿದ್ದು. ನನಗೆ ಮಾತ್ರ ಚುರುಕ್ ಅಂತು. ನನ್ನ ಹರುಕು ಜಪಾನಿಯಲ್ಲಿ "ಅಲ್ಲ, ಇದು ನಮ್ಮ ದೇವರ ಹಾಡು" ಅಂದೆ. ಅಜ್ಜಿ ನಕ್ಕು ತಲೆಯಾಡಿಸಿದರು. ನಂಬಿರಲಿಲ್ಲ.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಹೇಳಿದರೆ, "ಅವರೇ ನಮ್ಮಿಂದ ಕದ್ದಿರ್ತಾರೆ ಬಿಡೇ" ಅಂದ. ನಮ್ಮ ಕಡೆ ಈ ಉತ್ತರ ಯಾವಾಗಲೂ ರೆಡಿ. ಆದರೆ ಇಸವಿ ಒಪ್ಪಬೇಕಲ್ಲ! ಲಂಡನ್ನಿನ ನಾಟಕಶಾಲೆಗಳಲ್ಲಿ ಆ ಮಟ್ಟು 1745ರಲ್ಲೇ ಕೇಳಿಸಿತ್ತು. 'ಸಂತತಂ ಪಾಹಿಮಾಂ' ರಚಿಸಿದ, ಕರ್ನಾಟಕ ಸಂಗೀತದ ಮುತ್ತುಸ್ವಾಮಿ ದೀಕ್ಷಿತರು ಹುಟ್ಟಿದ್ದು 1775ರಲ್ಲಿ. ಮದರಾಸಿನ ಕಡೆ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನವರು ನುಡಿಸುತ್ತಿದ್ದ ಇಂಥ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂರಿಸಿದರು. ನೊಟ್ಟುಸ್ವರ ಅಂತಲೇ ಹೆಸರು. 'ನೋಟ್' ಅನ್ನುವ ಇಂಗ್ಲಿಷ್ ಪದ ಅದರೊಳಗೇ ಕೂತಿದೆ, ಮುಚ್ಚಿಟ್ಟವರು ಯಾರೂ ಇಲ್ಲ. ಮೈಸೂರಿನಲ್ಲಿ ಶ್ರುತಿಪೆಟ್ಟಿಗೆ ಮುಂದೆ ಕೂತು ನಾನೂ ನೂರು ಸಲ ಹಾಡಿದ್ದೆ. ಟೀಚರ್ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾರನೆಯ ದಿನ ಲಿಫ್ಟಿನ ಹತ್ತಿರ ಅಜ್ಜಿ ಸಿಕ್ಕರು. ಮಗಳ ಬಾಯಲ್ಲಿ ಇದನ್ನೆಲ್ಲ ಹೇಳಿಸಿ ತಪ್ಪೊಪ್ಪಿಕೊಂಡೆ. ಅಜ್ಜಿ ಕೈಚೀಲ ಕೆಳಗಿಟ್ಟು, ಅಲ್ಲೇ ನಿಂತು 'ಹೋತಾರು ನೋ ಹಿಕಾರಿ' ಹಾಡಿದರು. ಮಿಂಚುಹುಳದ ಬೆಳಕಿನಲ್ಲಿ, ಕಿಟಕಿಯಾಚೆಯ ಹಿಮದ ಬೆಳಕಿನಲ್ಲಿ ಓದಿದ ದಿನಗಳ ಹಾಡು. ಇಲ್ಲಿ ಓದು ಮುಗಿಸಿ ಶಾಲೆ ಬಿಡುವ ದಿನ ಹಾಡುತ್ತಿದ್ದದ್ದು.

"ಅಜ್ಜಿ, ಇದು ಸ್ಕಾಟ್ಲೆಂಡಿನದು!" ಅಂದಳು ಮಗಳು. ನಾನು ಅವಳ ಕೈ ಚಿವುಟಿದೆ.

"ಗೊತ್ತು ಪುಟ್ಟಿ. 1881ರಲ್ಲಿ ನಮ್ಮ ಶಾಲೆಗಳ ಹಾಡಿನ ಪುಸ್ತಕಕ್ಕೆ ತಂದರು. ಆದರೆ ನಾನು ಶಾಲೆ ಬಿಡುವಾಗ ಅತ್ತದ್ದು ಇದನ್ನೇ ಹಾಡಿ."

ಮಗಳು ಆಗಲೇ ಬೆರಳು ಮಡಿಸಿ ಸ್ವರ ಹುಡುಕುತ್ತಿದ್ದಳು. ಪ ಸ ಸ ಸ, ಗ ರಿ ಸ ರಿ. ಮ ಇಲ್ಲ, ನಿ ಇಲ್ಲ. "ಅಮ್ಮಾ, ಇದು ಮೋಹನ ರಾಗ!"

ಈಗ ಸಂಜೆ ಬಾಲ್ಕನಿಯಲ್ಲಿ ಪಾಠ ನಡೆಯುತ್ತದೆ. ಡೊ ರೆ ಮಿ ಕಲಿತ ಅಜ್ಜಿಗೆ ಎಷ್ಟು ತಿದ್ದಿದರೂ ರಿ ಬರುವುದಿಲ್ಲ, ರೆ ಅಂತಲೇ ಅನ್ನುತ್ತಾರೆ.