ಬೇಕಲದ ಆಕಾಶಕ್ಕೆ ನೀಲಿ ತುಂಬುವಾಗ

ಫೋಟೋ ಎಡಿಟ್ ಮಾಡುವಾಗ ಆಕಾಶದ ನೀಲಿ ಮಂಕಾಗಿದೆ ಅನ್ನಿಸಿದ ಕೂಡಲೇ ಸ್ಯಾಚುರೇಶನ್ (ಬಣ್ಣದ ತೀವ್ರತೆ) ಸ್ಲೈಡರ್ ಎಳೆಯಬೇಡಿ. ಆಕಾಶ ಪೇಲವವಾಗಿ ಕಾಣುವುದು ಹೆಚ್ಚಾಗಿ ಬಣ್ಣ ಕಡಿಮೆಯಾಗಿ ಅಲ್ಲ, ಬೆಳಕು ಜಾಸ್ತಿಯಾಗಿ.

ಅರ್ಧ ಕೆಲಸ ಫೋಟೋ ತೆಗೆಯುವಾಗಲೇ ಆಗಬೇಕು. ಕಾಸರಗೋಡಿನ ಕಡಲು ಪಶ್ಚಿಮಕ್ಕಿದೆ. ಬೇಕಲ ಕೋಟೆಯಿಂದ ಸಂಜೆ ಕಡಲಿನತ್ತ ಕ್ಯಾಮೆರಾ ಹಿಡಿದರೆ ಸೂರ್ಯ ಎದುರಿಗೇ ಇರುತ್ತಾನೆ, ಆಕಾಶ ಬೆಳ್ಳಗಾಗಿಬಿಡುತ್ತದೆ. ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ಗರಿಷ್ಠ ಮಟ್ಟವಾದ 255 ಮುಟ್ಟಿ ಬರೀ ಬಿಳಿಯಾದ ಜಾಗದಲ್ಲಿ ನೀಲಿ ಹುಡುಕಿ ಪ್ರಯೋಜನವಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸೂರ್ಯ ಬೆನ್ನ ಹಿಂದಿರುವಾಗ ಅದೇ ಆಕಾಶ ಗಾಢವಾಗಿ ಸಿಗುತ್ತದೆ. ಪೋಲರೈಸರ್ (ಆಕಾಶವನ್ನು ಗಾಢವಾಗಿಸುವ ಲೆನ್ಸ್ ಫಿಲ್ಟರ್) ಇದ್ದರೆ ಸೂರ್ಯನಿಗೆ 90 ಡಿಗ್ರಿಯಲ್ಲಿ, ಅಂದರೆ ಆ ಹೊತ್ತಿನಲ್ಲಿ ಕರಾವಳಿಯ ಉದ್ದಕ್ಕೆ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿ ನಿಲ್ಲಿ. ವೈಡ್ ಲೆನ್ಸಿನಲ್ಲಿ ಮಾತ್ರ ಆಕಾಶದ ಒಂದು ಪಟ್ಟಿ ಕಪ್ಪಾಗಿ, ಉಳಿದದ್ದು ತೆಳುವಾಗಿ ಬರುತ್ತದೆ. ಅದನ್ನು ಆಮೇಲೆ ಸರಿಮಾಡುವುದು ತುಂಬ ಕಷ್ಟ. ರಾ ಫೈಲನ್ನೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಇಟ್ಟುಕೊಳ್ಳಿ: 14 ಬಿಟ್‌ನಲ್ಲಿ ಚಾನೆಲಿಗೆ 16,384 ಮಟ್ಟಗಳು, ಜೆಪೆಗ್‌ನಲ್ಲಿ ಬರೀ 256.

ಎಡಿಟಿಂಗಿಗೆ ಕೂರುವ ಮೊದಲು ಫೋನ್ ಅಥವಾ ಲ್ಯಾಪ್‌ಟಾಪಿನ ನೈಟ್ ಲೈಟ್ ಆಫ್ ಮಾಡಿ. ಅದು ಪರದೆಯ ನೀಲಿಯನ್ನೇ ಕಡಿಮೆ ಮಾಡುತ್ತದೆ. ಅದನ್ನು ಮರೆತು ಕೂತರೆ ನೀಲಿ ಸಾಲದು ಸಾಲದು ಅಂತ ಏರಿಸುತ್ತಲೇ ಹೋಗುತ್ತೀರಿ.

ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಹೊಂದಾಣಿಕೆ) ಸರಿಮಾಡಿ. ನೀಲಿ ಬೇಕೆಂದು ಅದರ ಟೆಂಪರೇಚರ್ ಸ್ಲೈಡರ್ ಇಳಿಸಿದರೆ ಕೋಟೆಯ ಮುರಕಲ್ಲು ಸತ್ತುಹೋಗುತ್ತದೆ. ಆ ಕೆಂಪು ಪಕ್ಕದಲ್ಲಿ ಬಿಸಿಯಾಗಿದ್ದರೇ ನೀಲಿ ಎದ್ದು ಕಾಣುವುದು. ಇದನ್ನು ಬಿಟ್ಟುಕೊಡಲೇಬೇಡಿ.

ಆಮೇಲೆ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ತಿದ್ದುವ ಕಲರ್ ಮಿಕ್ಸರ್. ನೀಲಿಯ ಲ್ಯೂಮಿನೆನ್ಸ್ (ಹೊಳಪು) ಅನ್ನು -15ರಿಂದ -25ರವರೆಗೆ ಇಳಿಸಿ, ಸ್ಯಾಚುರೇಶನ್ +10 ಸಾಕು. ಆಕಾಶ ನೇರಳೆಗೆ ವಾಲಿದರೆ ಹ್ಯೂ (ಬಣ್ಣದ ಛಾಯೆ) -5 ಅಥವಾ -8 ಮಾಡಿ. ದಿಗಂತದ ಹತ್ತಿರದ ಆಕಾಶವೂ ತೀರದ ನೀರೂ ಹೆಚ್ಚಾಗಿ ಮಿಕ್ಸರಿನ ಆಕ್ವಾದಲ್ಲಿ (ಹಸಿರು ಬೆರೆತ ನೀಲಿ) ಇರುತ್ತವೆ. ನೀಲಿಯೊಂದನ್ನೇ ಇಳಿಸಿದರೆ ಎರಡರ ನಡುವೆ ಗೆರೆ ಎಳೆದಂತಾಗುತ್ತದೆ, ಹಾಗಾಗಿ ಆಕ್ವಾವನ್ನೂ ಅದರ ಅರ್ಧದಷ್ಟು ಇಳಿಸಿ.

ಲ್ಯೂಮಿನೆನ್ಸ್ -40 ದಾಟಿದರೆ ತೊಂದರೆ ಮೊದಲು ಕಾಣುವುದು ತೆಂಗಿನ ಗರಿಗಳಲ್ಲಿ. 100 ಶೇಕಡಾಕ್ಕೆ ಹಿಗ್ಗಿಸಿ ನೋಡಿ: ಒಂದೊಂದು ಎಲೆಯ ಅಂಚಿನಲ್ಲೂ ಬಿಳಿ ದಾರದಂಥ ಗೆರೆ. ಆ ಅಂಚಿನ ಪಿಕ್ಸೆಲ್‌ಗಳಲ್ಲಿ ಹಸಿರೂ ನೀಲಿಯೂ ಬೆರೆತಿರುವುದರಿಂದ ಸ್ಲೈಡರ್ ಅವನ್ನು ನೀಲಿ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಸುತ್ತಲಿನ ಆಕಾಶ ಕಪ್ಪಾಗುತ್ತದೆ, ಅವು ಹಾಗೇ ಉಳಿಯುತ್ತವೆ. ಜೊತೆಗೆ ಕಾಳುಕಾಳು ನಾಯ್ಸ್. ಇನ್ನೂ ಗಾಢವಾಗಬೇಕಿದ್ದರೆ ಮೇಲಿನಿಂದ ಲೀನಿಯರ್ ಗ್ರೇಡಿಯೆಂಟ್ ಮಾಸ್ಕ್ (ಆಯ್ದ ಭಾಗವನ್ನಷ್ಟೇ, ಕೆಳಗೆ ಹೋದಂತೆ ತೆಳುವಾಗಿ ತಿದ್ದುವುದು) ಎಳೆದು ಎಕ್ಸ್‌ಪೋಶರ್ -0.3ರಿಂದ -0.5, ಡಿಹೇಜ್ (ಮಬ್ಬು ತೆಗೆಯುವ ಸ್ಲೈಡರ್) +10 ಕೊಡಿ. ಕೋಟೆಯ ಬುರುಜು ಕಪ್ಪಾದರೆ ಆ ಮಾಸ್ಕನ್ನು ಕಲರ್ ರೇಂಜ್ ಜೊತೆ ಇಂಟರ್‌ಸೆಕ್ಟ್ ಮಾಡಿ, ಅಂದರೆ ಅದರೊಳಗಿನ ಆಕಾಶದ ನೀಲಿಗೆ ಮಾತ್ರ ತಾಗುವಂತೆ ಮಾಡಿ.

ದಡದಲ್ಲಿ ನೀಲಿ ಬಣ್ಣ ಬಳಿದ ದೋಣಿ ಇದ್ದರೆ ಮಿಕ್ಸರ್ ಅದನ್ನೂ ಬದಲಿಸುತ್ತದೆ. ನೆರಳಲ್ಲಿ ನಿಂತವರ ಬಿಳಿ ಪಂಚೆಗೂ ಆಕಾಶದ ಬೆಳಕಿನಿಂದ ನೀಲಿ ಬಂದಿರುತ್ತದೆ, ಸ್ಯಾಚುರೇಶನ್ ಏರಿಸಿದಷ್ಟೂ ಅದು ಎದ್ದು ಕಾಣುತ್ತದೆ. ಅಂಥ ಚಿತ್ರಗಳಲ್ಲಿ ಮಿಕ್ಸರನ್ನು ಬಿಟ್ಟು ಆಕಾಶದ ಮಾಸ್ಕಿನೊಳಗೇ ಕೆಲಸ ಮುಗಿಸಿ.

ಲೈಟ್‌ರೂಮಿನ ಕ್ಯಾಲಿಬ್ರೇಶನ್ ವಿಭಾಗದಲ್ಲಿ ಬ್ಲೂ ಪ್ರೈಮರಿ ಸ್ಯಾಚುರೇಶನ್ +15 ಕೊಟ್ಟರೆ ಇಡೀ ಚಿತ್ರಕ್ಕೆ ಜೀವ ಬರುತ್ತದೆ. ಆದರೆ ಅದು ಪ್ರತಿಯೊಂದು ಪಿಕ್ಸೆಲನ್ನೂ ಮುಟ್ಟುತ್ತದೆ, ಮುಖಗಳಿದ್ದರೆ ಎಚ್ಚರ.

ಮಳೆಗಾಲದ ಬೂದು ಮೋಡದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮ. ಅಲ್ಲಿ ಏರಿಸಲು ನೀಲಿಯೇ ಇಲ್ಲ. ಒತ್ತಾಯ ಮಾಡಿದರೆ ಕಲೆಕಲೆಯಾಗುತ್ತದೆ. ಆ ಬೂದಿಗೂ ಒಂದು ಚಂದ ಇದೆ, ಹಾಗೇ ಬಿಡಿ.

ಇಂಟರ್‌ನೆಟ್ಟಿಗೆ ಹಾಕುವುದಾದರೆ ಎಸ್‌ಆರ್‌ಜಿಬಿಯಲ್ಲೇ (ವೆಬ್ಬಿನ ಸಾಮಾನ್ಯ ಬಣ್ಣದ ಮಾದರಿ) ಎಕ್ಸ್‌ಪೋರ್ಟ್ ಮಾಡಿ. ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಕಂಡರೆ ಸ್ವಲ್ಪ ಗ್ರೇನ್ (ಸಣ್ಣ ಕಾಳುಗಳು) ಸೇರಿಸಿ, ಮರೆಯಾಗುತ್ತವೆ. ಜಾತ್ರೆಯ ಆಮಂತ್ರಣದಂಥ ಆಫ್‌ಸೆಟ್ ಮುದ್ರಣದ ಕೆಲಸಕ್ಕೆ ಸಯಾನ್ (ತಿಳಿನೀಲಿ) ಮತ್ತು ಮೆಜೆಂಟಾ (ಕಡುಗುಲಾಬಿ) ಶಾಯಿಗಳ ಶೇಕಡಾ ಅಂಕಿ ನೋಡಿ: ಎರಡೂ ಹತ್ತಿರ ಹತ್ತಿರ ಇದ್ದರೆ ಅಚ್ಚಾಗಿ ಬರುವುದು ನೇರಳೆ. ಸಯಾನ್ 90 ಇದ್ದರೆ ಮೆಜೆಂಟಾ 60ರೊಳಗೆ ಇರಲಿ.